ಆಸ್ಪತ್ರೆಗೆ ಜೊತೆಗೆ ಬರೋರು ಯಾರು?

ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತು ವರ್ಷಗಟ್ಟಲೆ ಜನ ನೋಡಿದ್ರೆ ಒಂದು ವಿಷಯ ಯಾರೂ ಹೇಳ್ಕೊಡದೇ ಗೊತ್ತಾಗಿಬಿಡುತ್ತೆ, ನಮ್ಮ ಕಡೆ ಆಸ್ಪತ್ರೆಗೆ ಒಬ್ಬೊಬ್ಬರೇ ಬರೋರು ತೀರಾ ಕಮ್ಮಿ. ಚೀಟಿ ಒಬ್ಬರ ಹೆಸರಲ್ಲಿರುತ್ತೆ, ಚೀಟಿ ಹಿಡ್ಕೊಂಡು ಬರೋರು ಬೇರೆ, ದುಡ್ಡು ಕೊಡೋರು ಇನ್ನೊಬ್ರು, ಯಾವ ಮಾತ್ರೆ ಊಟಕ್ಕೆ ಮುಂಚೆ ಯಾವುದು ಆಮೇಲೆ ಅಂತ ಕೇಳಿಸ್ಕೊಳ್ಳೋರು ಮತ್ತೊಬ್ರು. ಪೇಷಂಟ್ ಪಾಪ ಎದುರುಗಡೆ ಕಟ್ಟೆ ಮೇಲೆ ಸೆರಗು ಮುಚ್ಕೊಂಡು ಕೂತಿರ್ತಾರೆ, ಅವರನ್ನ ಯಾರೂ ಏನೂ ಕೇಳಲ್ಲ.

ದಾವಣಗೆರೆ ನೋಡದೇ ಇರೋರಿಗೆ ಇಷ್ಟು ಹೇಳ್ತೀನಿ. ಬೆಣ್ಣೆ ದೋಸೆ, ಮಂಡಕ್ಕಿ ಮೆಣಸಿನಕಾಯಿ, ಒಂದು ಕಾಲದ ಕಾಟನ್ ಮಿಲ್ಲುಗಳು ಅಂತ ಹೊರಗಿನೋರು ಈ ಊರಿನ ಹೆಸರು ಹೇಳ್ತಾರೆ, ಸುತ್ತಮುತ್ತಲ ಹಳ್ಳಿಯೋರಿಗೆ ಮಾತ್ರ ಇದು ಆಸ್ಪತ್ರೆ ಊರು. ಜೆಜೆಎಂ ಮೆಡಿಕಲ್ ಕಾಲೇಜು ಶುರುವಾಗಿದ್ದೇ 1965ರಲ್ಲಿ, ಬಾಪೂಜಿ ಆಸ್ಪತ್ರೆ ಇದೆ, ಎಸ್ಎಸ್ ಇದೆ, ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಇನ್ನು ನರ್ಸಿಂಗ್ ಹೋಮು, ಸ್ಕ್ಯಾನಿಂಗ್ ಸೆಂಟರು, ಲ್ಯಾಬು, ನಮ್ಮಂಥ ಮೆಡಿಕಲ್ ಶಾಪು ಗಲ್ಲಿ ಗಲ್ಲಿಗೂ ಇದಾವೆ. 1997ಕ್ಕೆ ಮುಂಚೆ ನಾವೆಲ್ಲ ಚಿತ್ರದುರ್ಗ ಜಿಲ್ಲೆ, ಜಿಲ್ಲೆ ಬೇರೆ ಆಯ್ತು, ಜನರ ಓಡಾಟ ಬೇರೆ ಆಗ್ಲಿಲ್ಲ. ಹರಪನಹಳ್ಳಿ 2018ರಲ್ಲಿ ನಮ್ಮ ಜಿಲ್ಲೆ ಬಿಟ್ಟು ಬಳ್ಳಾರಿಗೆ ಹೋಯ್ತು, ಈಗ ವಿಜಯನಗರ, ಆದ್ರೂ ಹರಪನಹಳ್ಳಿಯೋರ ಮೊಣಕಾಲು ನೋವು ಇವತ್ತಿಗೂ ದಾವಣಗೆರೆಗೇ ಬರುತ್ತೆ. ಜಗಳೂರು, ಹೊಳಲ್ಕೆರೆ, ಚನ್ನಗಿರಿ, ಹೊನ್ನಾಳಿ, ಆ ಕಡೆ ರಾಣೆಬೆನ್ನೂರು, ಎಲ್ಲರೂ ಇಲ್ಲಿಗೇ.

ಈ ಪೋಸ್ಟ್ ಬರೆಯೋಕೆ ಕಾರಣ ನನ್ನ ಅಕ್ಕನ ಮಗಳು. ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದ ಪಿಜಿ, ಮಾಡ್ತಿದಾಳೆ, ಪ್ರಾಜೆಕ್ಟ್‌ಗೆ ‘ವಯಸ್ಕರು ಆರೋಗ್ಯ ಸೇವೆ ಬಳಸೋದ್ರ ಮೇಲೆ ಸಾಮಾಜಿಕ ಅಂಶಗಳ ಪ್ರಭಾವ’ ಅಂತ ಏನೋ ತಗೊಂಡಿದಾಳೆ. ಒಂದಿನ ಪ್ರಶ್ನಾವಳಿ ಪ್ರಿಂಟ್ ಹಿಡ್ಕೊಂಡು ಅಂಗಡಿಗೆ ಬಂದ್ಳು, ‘ಮಾಮ, ನಿಮ್ ಅಂಗಡಿಗೆ ಬರೋರ ಹತ್ರ ಇದನ್ನ ಒಂಚೂರು ಕೇಳಿ ನೋಡ್ಲಾ’ ಅಂತ. ನೋಡಿದ್ರೆ ವಯಸ್ಸು, ಲಿಂಗ, ಮದುವೆ ಆಗಿದೆಯಾ, ಎಷ್ಟು ಓದಿದೀರಿ, ಏನ್ ಕೆಲಸ, ಆದಾಯ ಎಷ್ಟು, ಜಾತಿ, ಮನೇಲಿ ಎಷ್ಟು ಜನ, ಆಸ್ಪತ್ರೆ ಎಷ್ಟು ದೂರ, ಇನ್ಶೂರೆನ್ಸ್ ಇದೆಯಾ. ಎಲ್ಲಾ ಸರಿಯಾದ ಪ್ರಶ್ನೆಗಳೇ. ಇದೆಲ್ಲ ಎಲ್ಲಿಂದ ತಂದೆ ಅಂದ್ರೆ ರೊನಾಲ್ಡ್ ಆಂಡರ್ಸನ್ ಅಂತ ಅಮೆರಿಕದ ಪ್ರೊಫೆಸರ್ ಒಬ್ಬರು 1968ರಲ್ಲಿ ಒಂದು ಮಾದರಿ ಕೊಟ್ಟಿದಾರೆ, ಪ್ರಪಂಚದಲ್ಲಿ ಈ ವಿಷಯದ ಮೇಲೆ ಸ್ಟಡಿ ಮಾಡೋರಲ್ಲಿ ತುಂಬಾ ಜನ ಅದನ್ನೇ ಹಿಡ್ಕೊಂಡು ಹೋಗ್ತಾರೆ ಅಂದ್ಳು. ಮೂರು ಕಂತೆ ಮಾಡಿದಾರೆ ಅವರು. ಒಂದು, ಕಾಯಿಲೆ ಬರೋಕೆ ಮುಂಚೆಯೇ ನಮ್ಮ ಮೈಗೆ ಅಂಟ್ಕೊಂಡಿರೋದು, ವಯಸ್ಸು, ಗಂಡು ಹೆಣ್ಣು, ಓದು, ಜಾತಿ ಜನಾಂಗ, ಡಾಕ್ಟರ್ ಮೇಲಿನ ನಂಬಿಕೆ ಇಂಥವು. ಎರಡನೇದು, ಹೋಗೋಕೆ ಅನುಕೂಲ ಮಾಡೋದು, ದುಡ್ಡು, ಇನ್ಶೂರೆನ್ಸ್, ದೂರ, ಬಸ್ಸು, ಊರಲ್ಲಿ ಡಾಕ್ಟರ್ ಇರೋದು. ಮೂರನೇದು, ನಿಜವಾಗ್ಲೂ ಎಷ್ಟು ಹುಷಾರಿಲ್ಲ, ನಾವು ಅಂದ್ಕೊಂಡಿರೋದೆಷ್ಟು, ಡಾಕ್ಟರ್ ಹೇಳೋದೆಷ್ಟು ಅನ್ನೋದು.

ಕೇಳಿ ಚೆನ್ನಾಗಿದೆ ಅನ್ನಿಸ್ತು, ಆದ್ರೆ ನಂಗೆ ಒಂದೇ ಡೌಟು. ಜೊತೆಗೆ ಬರೋರು ಯಾವ ಕಂತೇಲಿ ಬರ್ತಾರೆ ಅಂತ ಕೇಳಿದೆ. ಅವಳು ಸ್ವಲ್ಪ ಯೋಚ್ನೆ ಮಾಡಿ ಎರಡನೇ ಕಂತೇಲಿ ಸೇರಿಸ್ಬಹುದು ಮಾಮ ಅಂದ್ಳು, ಆದ್ರೆ ಪ್ರಶ್ನಾವಳೀಲಿ ಅದರ ಬಗ್ಗೆ ಒಂದು ಪ್ರಶ್ನೆನೂ ಇರ್ಲಿಲ್ಲ. ಆಮೇಲೆ ಮನೆಗೆ ಹೋಗಿ ಓದಿ ಫೋನ್ ಮಾಡಿದ್ಳು, ಅವಳು ಹೇಳಿದ ವಿಷಯ ನಂಗೆ ಭಾಳ ಹಿಡಿಸ್ತು. ಈ ಆಂಡರ್ಸನ್ ಮೊದಲು ಲೆಕ್ಕಕ್ಕೆ ತಗೊಂಡಿದ್ದು ಕುಟುಂಬಾನಂತೆ, ಒಬ್ಬ ಮನುಷ್ಯನನ್ನ ಅಲ್ಲ. ಒಂದೇ ಮನೇಲಿ ಒಬ್ಬೊಬ್ಬರದು ಒಂದೊಂದು ಥರ ಇರುತ್ತಲ್ಲ, ಇಡೀ ಕುಟುಂಬಾನ ಅಳೆಯೋದು ಕಷ್ಟ ಅಂತ ಆಮೇಲೆ ಬಿಡಿ ವ್ಯಕ್ತಿಗೆ ಬಂದೆ ಅಂತ 1995ರಲ್ಲಿ ಅವರೇ ಬರೆದಿದಾರಂತೆ. ಅಳೆಯೋಕೆ ಸುಲಭ ಆಯ್ತು ಸರಿ. ಆದ್ರೆ ನಮ್ಮ ಜಗಳೂರು ತಾಲ್ಲೂಕಿನ ಹೆಣ್ಮಗಳು ಆಸ್ಪತ್ರೆಗೆ ಬರೋದು ಬಿಡಿ ವ್ಯಕ್ತಿಯಾಗಿ ಅಲ್ವಲ್ಲ, ಅವಳು ಬರೋದು ಗಂಡನಿಗೆ ಅವತ್ತು ಪುರುಸೊತ್ತು ಇದ್ರೆ, ಮಗನಿಗೆ ಕಾಲೇಜು ರಜಾ ಇದ್ರೆ, ಇಲ್ಲ ಓರಗಿತ್ತಿಗೂ ಏನೋ ತೋರಿಸೋದು ಇದ್ರೆ.

ಹೆಣ್ಮಕ್ಕಳ ವಿಷಯಕ್ಕೇ ಬರ್ತೀನಿ, ಯಾಕಂದ್ರೆ ಅಲ್ಲೇ ಇದು ಕಣ್ಣಿಗೆ ಹೊಡೆಯೋದು. ಬಸುರಿ ಹೆಂಗಸಿಗೆ ಜೊತೆಗೆ ಜನ ಇದಾರೆ. ಆಶಾ ಕಾರ್ಯಕರ್ತೆ ಮನೆಗೇ ಬರ್ತಾಳೆ, ತಾಯಿ ಕಾರ್ಡ್ ಇರುತ್ತೆ, ಅತ್ತೆ ಬರ್ತಾಳೆ, ತವರಿಂದ ಅಮ್ಮ ಬರ್ತಾಳೆ, ನೋವು ಬಂದ್ರೆ 108 ಬರುತ್ತೆ. ಇದು ನಿಜವಾಗ್ಲೂ ಆಗಿರೋ ಬದಲಾವಣೆ, ನಮ್ಮಮ್ಮನ ಕಾಲದಲ್ಲಿ ಇದ್ಯಾವುದೂ ಇರ್ಲಿಲ್ಲ, ಸೂಲಗಿತ್ತಿ ಒಬ್ಬಳೇ. ಎರಡು ಮಕ್ಕಳಾಗಿ ಆಪರೇಷನ್ ಆಯ್ತು ಅನ್ನಿ, ಕರ್ನಾಟಕದಲ್ಲಿ ಮದುವೆಯಾದ ಹೆಣ್ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಪರೇಷನ್ ಮಾಡಿಸ್ಕೊಂಡೋರೇ, ಗಂಡಸರು ಮಾಡಿಸ್ಕೊಳ್ಳೋದು ಲೆಕ್ಕಕ್ಕೇ ಇಲ್ಲ ಬಿಡಿ, ಅಲ್ಲಿಗೆ ಅವಳ ಹಿಂದೆ ಮುಂದೆ ಇದ್ದ ಜನ ಎಲ್ಲ ಒಂದೇ ಸಲಕ್ಕೆ ಮಾಯ. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ, ಅಲ್ಲಿಂದ ಅರವತ್ತರವರೆಗೂ ಅವಳ ಮೈ ಬಗ್ಗೆ ಸರ್ಕಾರದೋರಾಗ್ಲಿ ಮನೆಯೋರಾಗ್ಲಿ ಹೆಚ್ಚೇನೂ ಕೇಳಲ್ಲ. ಬಿಳಿ ಮುಟ್ಟು, ಸೊಂಟ ನೋವು, ಮುಟ್ಟಲ್ಲಿ ಜಾಸ್ತಿ ಹೋಗೋದು, ತಲೆ ಸುತ್ತು ಎಲ್ಲ ಬರೋದು ಈ ವಯಸ್ಸಲ್ಲೇ.

2019ರಿಂದ 21ರವರೆಗೆ ಮಾಡಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಐದನೇದು, ಅದರಲ್ಲಿ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಮಕ್ಕಳಲ್ಲಿ ಶೇಕಡಾ 48ರಷ್ಟು ಜನಕ್ಕೆ ರಕ್ತಹೀನತೆ. ದೇಶದ ಲೆಕ್ಕ ತಗೊಂಡ್ರೆ 57. ಗರ್ಭಕೊರಳಿನ ಕ್ಯಾನ್ಸರ್ ಇದೆಯಾ ಅಂತ ಒಂದು ಸಲನಾದ್ರೂ ಪರೀಕ್ಷೆ ಮಾಡಿಸ್ಕೊಂಡಿರೋರು ದೇಶದಲ್ಲಿ 30ರಿಂದ 49 ವಯಸ್ಸಿನೋರಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಅದೇ ಸಮೀಕ್ಷೇಲಿ ಹೆಣ್ಮಕ್ಕಳಿಗೆ ಒಂದು ಪ್ರಶ್ನೆ ಇದೆ, ನಿಮಗೆ ಹುಷಾರಿಲ್ಲದಾಗ ಡಾಕ್ಟರ್ ಹತ್ರ ಹೋಗೋಕೆ ಯಾವುದು ದೊಡ್ಡ ತೊಂದರೆ ಅಂತ. ಮನೇಲಿ ಒಪ್ಪಿಗೆ ಸಿಗಬೇಕು, ದುಡ್ಡು ಬೇಕು, ದೂರ, ಗಾಡಿ ಇಲ್ಲ, ಲೇಡಿ ಡಾಕ್ಟರ್ ಇರಲ್ಲ, ಔಷಧಿ ಇರಲ್ಲ, ಇವುಗಳ ಜೊತೆಗೆ ‘ಜೊತೆಗೆ ಬರೋರು ಸಿಗಬೇಕು’ ಅನ್ನೋದೂ ಒಂದು. ಹತ್ತರಲ್ಲಿ ಆರು ಜನ ಇವುಗಳಲ್ಲಿ ಒಂದಾದ್ರೂ ನಮಗೆ ತೊಂದರೆನೇ ಅಂದಿದಾರೆ. ಅಕ್ಕನ ಮಗಳಿಗೆ ಇದನ್ನ ತೋರಿಸ್ದೆ, ನೋಡವ್ವ ನಿಮ್ಮ ದೊಡ್ಡ ಸರ್ವೆಯೋರಿಗೆ ಆಗ್ಲೇ ಗೊತ್ತೈತಿ, ನಿನ್ನ ಕಾಲೇಜಿನೋರಿಗೆ ಗೊತ್ತಿಲ್ಲ ಅಷ್ಟೇ ಅಂತ.

ಈ ಜೊತೆಗೆ ಯಾರಾದ್ರೂ ಬೇಕು ಅನ್ನೋದನ್ನ ಓದ್ಕೊಂಡೋರು ಕೆಲವರು ಭಯ, ನಾಚಿಕೆ, ಅಜ್ಞಾನ ಅಂತ ತಳ್ಳಿಹಾಕ್ತಾರೆ. ನಂಗೆ ಅದು ಸರಿ ಕಾಣಲ್ಲ. ಒಂದು ದೊಡ್ಡಾಸ್ಪತ್ರೆಗೆ ಒಬ್ಬರೇ ಹೋಗಿ ನೋಡಿ ಗೊತ್ತಾಗುತ್ತೆ. ಚೀಟಿ ಮಾಡಿಸೋಕೆ ಒಂದು ಕ್ಯೂ, ಆ ಕ್ಯೂನಲ್ಲಿ ಆಧಾರ್ ಕೇಳ್ತಾರೆ, ಫೋನ್ ನಂಬರ್ ಕೇಳ್ತಾರೆ, ಅಲ್ಲಿಂದ ಇಂಥ ನಂಬರ್ ರೂಮಿಗೆ ಹೋಗಿ ಅಂತಾರೆ, ರೂಮು ಎಲ್ಲಿದೆ ಅಂತ ಬೋರ್ಡ್ ಓದಬೇಕು, ಡಾಕ್ಟರ್ ರಕ್ತ ಪರೀಕ್ಷೆ ಬರೀತಾರೆ, ಲ್ಯಾಬ್ ಇನ್ನೊಂದು ಬಿಲ್ಡಿಂಗ್, ಬಿಲ್ ಕಟ್ಟೋದು ಇನ್ನೊಂದು ಕಿಟಕಿ, ರಿಪೋರ್ಟ್ ಮಧ್ಯಾಹ್ನ ಮೂರಕ್ಕೆ ಅಂತಾರೆ, ಅಷ್ಟೊತ್ತಿಗೆ ಅದೇ ಡಾಕ್ಟರ್ ಇರ್ತಾರೋ ಇಲ್ವೋ. ಮಧ್ಯದಲ್ಲಿ ಬಾತ್‌ರೂಮಿಗೆ ಹೋಗಬೇಕು ಅಂದ್ರೆ ಕ್ಯೂ ಯಾರು ನೋಡ್ಕೋತಾರೆ? ಜ್ವರ ಬಂದು ತಲೆ ಎತ್ತೋಕಾಗದೇ ಇರೋರು ಇದನ್ನೆಲ್ಲ ಹೆಂಗೆ ಮಾಡೋದು. ಒಬ್ಬ ಆರೋಗ್ಯವಂತ ಮನುಷ್ಯ ಜೊತೆಗಿದ್ರೆ ಮಾತ್ರ ರೋಗಿಗೆ ಟ್ರೀಟ್ಮೆಂಟ್ ಸಿಗೋ ಹಂಗೆ ಇಡೀ ವ್ಯವಸ್ಥೇನೇ ಕಟ್ಟಿಟ್ಟಿದಾರೆ, ಆ ಆರೋಗ್ಯವಂತ ಮನುಷ್ಯನ ಅವತ್ತಿನ ಕೂಲಿ ಯಾವ ಲೆಕ್ಕದಲ್ಲೂ ಬರಲ್ಲ.

ಓದು, ದುಡ್ಡು, ವಯಸ್ಸು ಇವೆಲ್ಲ ಕೆಲಸ ಮಾಡೋದು ಇಲ್ಲೇ. ಓದಿರೋ ಮಗಳು ಇದ್ದಾಳೆ ಅಂದ್ರೆ ಓದದೇ ಇರೋ ಅಮ್ಮಂಗೂ ಸರಿಯಾಗಿ ಟ್ರೀಟ್ಮೆಂಟ್ ಸಿಗುತ್ತೆ, ನಾನೇ ನೋಡಿದೀನಿ, ಡಿಗ್ರಿ ಓದ್ತಿರೋ ಹುಡುಗೀರು ಅಮ್ಮನ ರಿಪೋರ್ಟ್ ಫೋನಲ್ಲಿ ಫೋಟೋ ತೆಗ್ದು ಇಟ್ಕೊಂಡಿರ್ತಾರೆ, ಹಳೇ ಮಾತ್ರೆ ಪಟ್ಟಿ ಇಟ್ಕೊಂಡಿರ್ತಾರೆ, ಈ ಮಾತ್ರೆಗೆ ಜನರಿಕ್ ಇದೆಯಾ ಅಂಕಲ್ ಅಂತ ಕೇಳ್ತಾರೆ (ನನ್ನ ವ್ಯಾಪಾರಕ್ಕೆ ಒಳ್ಳೇದಲ್ಲ, ಆದ್ರೂ ಖುಷಿ ಆಗುತ್ತೆ). ಅದೇ ಓದಿರೋ ಮಗ ಬೆಂಗಳೂರಲ್ಲಿದ್ರೆ ಅವನ ಓದು ಫೋನ್‌ಪೇ ಆಗಿ ಬರುತ್ತೆ. ದುಡ್ಡು ಬರುತ್ತೆ, ಆಳು ಬರಲ್ಲ. ನಮ್ಮ ಬೀದೀಲೇ ಇರೋ ಒಬ್ಬ ಅಜ್ಜ, ಮಕ್ಕಳಿಬ್ಬರೂ ಸಾಫ್ಟ್‌ವೇರು, ದುಡ್ಡಿಗೇನೂ ಕಮ್ಮಿ ಇಲ್ಲ, ಕಣ್ಣಿನ ಪೊರೆ ಆಪರೇಷನ್ ಮಾಡಿಸ್ಕೊಳ್ಳದೇ ಮುಂದೂಡ್ತಾನೇ ಇದ್ರು, ಯಾಕ್ರೀ ಯಜಮಾನ್ರೆ ಅಂದ್ರೆ ‘ಮಗ ದಸರಾಕ್ ಬರ್ತೀನಿ ಅಂದಾನ, ಬಂದ ಮ್ಯಾಲೆ ನೋಡಾಣ’ ಅನ್ನೋರು. ದಸರಾ ಹೋಗಿ ದೀಪಾವಳಿ ಬಂತು, ಕೊನೆಗೆ ಅವರನ್ನ ಕರ್ಕೊಂಡು ಹೋಗಿದ್ದು ಅವರ ಮನೆಗೆ ಹಾಲು ಹಾಕೋ ಹುಡುಗ. ಆದಾಯದ ಕಾಲಂನಲ್ಲಿ ಅಜ್ಜ ಮೇಲಿನ ವರ್ಗ, ಸೇವೆ ಬಳಸೋದ್ರಲ್ಲಿ ಮಾತ್ರ ಬಡವ.

ಗಂಡ ತೀರ್ಕೊಂಡ ಹೆಂಗಸರು ಇನ್ನೂ ಲೇಟು. ಹೆಂಡತಿ ಇರೋ ಗಂಡಸು ಎಷ್ಟೇ ಹಠ ಮಾಡಿದ್ರೂ ಅವಳು ಎಳ್ಕೊಂಡಾದ್ರೂ ಬರ್ತಾಳೆ. ಆ ಗಂಡಸು ಹೋದ್ಮೇಲೆ ಅವಳನ್ನ ಎಳ್ಕೊಂಡು ಬರೋರು ಯಾರು? ಮಗ ಸೊಸೆ ಹತ್ರ ಕೇಳೋಕೆ ಸಂಕೋಚ, ‘ಅವರಿಗ್ಯಾಕೆ ತ್ರಾಸು’ ಅಂತ ಕಾಲು ಊದಿದ್ರೂ ಸೀರೆ ಇಳಿಬಿಟ್ಕೊಂಡು ಮುಚ್ಚಿಟ್ಟಿರ್ತಾರೆ.

ಗಂಡಸರದು ಬೇರೇನೇ ಕಥೆ. ಅವರಿಗೆ ಜೊತೆಗೆ ಯಾರೂ ಬೇಕಾಗಿಲ್ಲ, ಬೈಕ್ ಇದೆ, ಊರು ಗೊತ್ತು, ಮಾತು ಬರುತ್ತೆ, ಆದ್ರೂ ಹೋಗಲ್ಲ. ಎಪಿಎಂಸಿ ಹಮಾಲರು, ಮಂಡಕ್ಕಿ ಭಟ್ಟಿಯೋರು, ಲಾರಿ ಡ್ರೈವರ್‌ಗಳು ಇವರೆಲ್ಲ ಸಂಜೆ ಏಳರ ಮೇಲೆ ಅಂಗಡಿಗೆ ಬರ್ತಾರೆ, ಒಬ್ಬರೇ ಬರ್ತಾರೆ, ಬಂದು ‘ಅಣ್ಣಾ ಸುಸ್ತಿಗೆ ಏನರ ಕೊಡು, ಮೈಕೈ ನೋವಿಗೊಂದು ಕೊಡು’ ಅಂತಾರೆ. ಭಟ್ಟೀಲಿ ಹೊಗೆ ಕುಡಿದು ಕೆಮ್ಮೋನಿಗೆ ಎಕ್ಸ್‌ರೇ ತೆಗೆಸಪ್ಪ ಅಂದ್ರೆ ನಾಳೆ ಅಂತಾನೆ. ಅವನ ಲೆಕ್ಕ ಸೀದಾ ಇದೆ, ಓಪಿಡಿ ಇರೋದು ಹಗಲು, ಅವನ ಕೂಲಿ ಇರೋದೂ ಹಗಲು, ಒಂದಿನ ಓಪಿಡಿಗೆ ಹೋದ್ರೆ ಒಂದಿನದ ಕೂಲಿ ಖತಂ. ಸಂಬಳದ ಕೆಲಸ ಇದ್ದು ತಿಂಗಳಿಗೆ 21,000ದ ಒಳಗಿದ್ರೆ ಇಎಸ್ಐ ಅನ್ನೋ ಸರ್ಕಾರಿ ವಿಮೆ ಇರುತ್ತೆ, ಹುಷಾರಿಲ್ಲದ ದಿನಗಳಿಗೂ ಒಂದಿಷ್ಟು ದುಡ್ಡು ಸಿಗುತ್ತೆ. ಹಮಾಲಿಗೆ, ಗಾರೆಯೋನಿಗೆ, ಭಟ್ಟಿಯೋನಿಗೆ ಅದೂ ಇಲ್ಲ. ಹಿಂಗಾಗಿ ಅವನು ಬರೋದು ಬಿದ್ದ ಮೇಲೆ, ಆವಾಗ ನೋಡಿ ಜೊತೆಗೆ ಒಂದು ಟ್ರ್ಯಾಕ್ಸ್ ತುಂಬಾ ಜನ ಬರ್ತಾರೆ.

ಹಳ್ಳಿ ಕಡೆ ಎಂಬಿಬಿಎಸ್ ಓದದೇ ಟ್ರೀಟ್ಮೆಂಟ್ ಕೊಡೋ ಆರ್‌ಎಂಪಿ ಡಾಕ್ಟ್ರ ಹತ್ರ ಜನ ಯಾಕೆ ಹೋಗ್ತಾರೆ ಅಂತ ಪೇಟೆಯೋರು ಬೈತಾರಲ್ಲ, ಕಾರಣ ಇದೇ. ಅವನು ಸಂಜೆ ಸಿಗ್ತಾನೆ, ಬಾಗಿಲ ಹತ್ರಾನೇ ಇರ್ತಾನೆ, ಉದ್ರಿ ಕೊಡ್ತಾನೆ, ಚೀಟಿ ಇಲ್ಲ ಆಧಾರ್ ಇಲ್ಲ, ಮುಖ್ಯವಾಗಿ ಅವನ ಹತ್ರ ಹೋಗೋಕೆ ಜೊತೆಗೆ ಯಾರೂ ಬೇಡ, ಹೆಂಗಸರೂ ಕೊಡ ಇಟ್ಟು ಹಂಗೇ ಹೋಗಿ ಬರ್ತಾರೆ. ಎಲ್ಲದಕ್ಕೂ ಒಂದು ಇಂಜೆಕ್ಷನ್ನು, ಒಂದು ಬಾಟ್ಲಿ ಗ್ಲೂಕೋಸ್ ಏರಿಸೋದು ಅಪಾಯನೇ, ಸ್ಟೆರಾಯ್ಡ್ ಕೊಟ್ಟು ಕೊಟ್ಟು ಮುಖ ಊದಿಸ್ಕೊಂಡು ಬಂದೋರನ್ನ ನಾನು ನೋಡಿದೀನಿ, ಆ ವಿಷಯದಲ್ಲಿ ನಂಗೆ ಅವರ ಮೇಲೆ ಸಿಟ್ಟಿದೆ. ಆದ್ರೆ ಜನ ದಡ್ಡರು ಅಂತ ಮಾತ್ರ ನಾನು ಹೇಳಲ್ಲ.

ಈಗ ನಂಗೆ ತುಂಬಾ ಆಶ್ಚರ್ಯ ತಂದ ವಿಷಯ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತಲ್ಲ, ಹೆಣ್ಮಕ್ಕಳಿಗೆ ಸರ್ಕಾರಿ ಬಸ್ಸಲ್ಲಿ ಫ್ರೀ, ಆವಾಗ ಎಲ್ಲರೂ ಧರ್ಮಸ್ಥಳ, ಹೊರನಾಡು ಅಂತ ದೇವಸ್ಥಾನ ತುಂಬಿದ್ದನ್ನ ಟಿವಿಯಲ್ಲಿ ತೋರಿಸಿದ್ರು, ನಗಾಡಿದ್ರು, ನಮ್ಮ ಓಣೀಲಿ ಆಗಿದ್ದು ಬೇರೆ. ಹೆಂಗಸರು ಇಬ್ಬಿಬ್ಬರಾಗಿ ಬರೋಕೆ ಶುರು ಮಾಡಿದ್ರು. ಮುಂಚೆ ಬರ್ತಿದ್ದಿದ್ದು ಗಂಡ ಹೆಂಡತಿ, ಇಲ್ಲ ತಾಯಿ ಮಗ. ಈಗ ಓರಗಿತ್ತಿಯರು, ಅಕ್ಕ ತಂಗಿ, ಪಕ್ಕದ ಮನೆಯೋಳು, ಸ್ತ್ರೀಶಕ್ತಿ ಸಂಘದ ಗೆಳತಿ. ಯೋಚ್ನೆ ಮಾಡಿ ನೋಡಿದ್ರೆ ಲೆಕ್ಕ ಅರ್ಥ ಆಗುತ್ತೆ, ಮುಂಚೆ ರೋಗಿ ಚಾರ್ಜು ಹೆಂಗೋ ಹೊಂದಿಸ್ತಿದ್ರು, ಜೊತೆಗೆ ಬರೋಳ ಚಾರ್ಜು ಯಾರು ಕೊಡ್ಬೇಕು, ಕೇಳೋಕೂ ಮುಜುಗರ, ಹಂಗಾಗಿ ಗಂಡ ಬಂದ್ರೆ ಉಂಟು ಇಲ್ಲಾಂದ್ರೆ ಇಲ್ಲ. ಈಗ ಜೊತೆಗಾತಿಗೂ ಜೀರೋ ಟಿಕೆಟ್ಟು. ‘ಬಾರೆ ನಂಜೊತಿ, ನಿಂದೂ ಒಂದು ಬಿಪಿ ತೋರ್ಸ್ಕೊಂಡು ಬರಾಣ’ ಅನ್ನೋಕೆ ಧೈರ್ಯ ಬಂದಿದೆ. ಗೃಹಲಕ್ಷ್ಮಿ ಎರಡು ಸಾವಿರದಲ್ಲೂ ಒಂದಿಷ್ಟು ನಮ್ಮ ಕೌಂಟರಿಗೆ ಬರ್ತಿದೆ, ಪರ್ಸಿಂದ ಅವರೇ ತೆಗ್ದು ಕೊಡ್ತಾರೆ, ಗಂಡನ ಮುಖ ನೋಡಲ್ಲ.

ಇದರಲ್ಲೂ ಒಂದು ತೊಡಕಿದೆ. ಚಿತ್ರದುರ್ಗ ದಾವಣಗೆರೆ ಕಡೆ ಎಷ್ಟೋ ಹಳ್ಳಿಗಳಿಗೆ ಓಡೋದು ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ನಡೆಯಲ್ಲ. ಒಂದೇ ತಾಲ್ಲೂಕು, ಒಂದೇ ಜಾತಿ, ಒಂದೇ ಆದಾಯ, ಮೇನ್ ರೋಡಲ್ಲಿ ಕೆಂಪು ಬಸ್ಸು ನಿಲ್ಲೋ ಊರಿನೋಳು ಬಂದು ಹೋಗ್ತಾಳೆ, ನಾಲ್ಕು ಕಿಲೋಮೀಟರ್ ಒಳಗಿನ ಊರಿನೋಳು ಬರಲ್ಲ. ಅಕ್ಕನ ಮಗಳ ಪ್ರಶ್ನಾವಳೀಲಿ ‘ಆಸ್ಪತ್ರೆ ಎಷ್ಟು ದೂರ’ ಅಂತ ಇತ್ತು, ನಾನು ಅದರ ಕೆಳಗೆ ‘ನಿಮ್ಮೂರಿಗೆ ಯಾವ ಬಸ್ಸು’ ಅಂತ ಪೆನ್ನಲ್ಲಿ ಬರೆದೆ.

ಕಾರ್ಡ್ ವಿಷಯನೂ ಹೇಳ್ಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ 2018ರಲ್ಲಿ ಬಂತು, ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು, ಎಪಿಎಲ್‌ನೋರಿಗೆ ಪ್ಯಾಕೇಜಿನ ಶೇಕಡಾ 30, ಅದೂ ಒಂದೂವರೆ ಲಕ್ಷದ ಮಿತಿ. ನಿಜಕ್ಕೂ ದೊಡ್ಡ ಸಹಾಯ, ಹಾರ್ಟ್ ಆಪರೇಷನ್ ಆಗಿ ಮನೆ ಮಾರದೇ ಉಳ್ಕೊಂಡೋರು ಇದಾರೆ. ಆದ್ರೆ ಎಮರ್ಜೆನ್ಸಿ ಬಿಟ್ಟು ಬೇರೆ ದೊಡ್ಡ ಟ್ರೀಟ್ಮೆಂಟಿಗೆ ಖಾಸಗಿ ಆಸ್ಪತ್ರೆಗೆ ಹೋಗ್ಬೇಕಂದ್ರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರ್ ಲೆಟರ್ ಆಗ್ಬೇಕು. ಅಂದ್ರೆ ಮತ್ತೆ ಓಡಾಟ, ರೇಷನ್ ಕಾರ್ಡು ಒರಿಜಿನಲ್ಲು, ಆಧಾರಲ್ಲಿ ಹೆಸರು ಒಂದು ರೇಷನ್ ಕಾರ್ಡಲ್ಲಿ ಇನ್ನೊಂದು, ಗಂಗಮ್ಮ ಹೋಗಿ ಗಂಗವ್ವ ಆಗಿರುತ್ತೆ, ಅದನ್ನ ಸರಿ ಮಾಡಿಸೋಕೆ ಇನ್ನೊಂದಿನ. ಮನೇಲಿ ಒಬ್ಬ ಚುರುಕಾದ ಹುಡುಗ ಇದ್ರೆ ಆ 5 ಲಕ್ಷ ಇದೆ, ಇಲ್ಲಾಂದ್ರೆ ಕಾರ್ಡು ದೇವರ ಫೋಟೋ ಹಿಂದೆ ಇರುತ್ತೆ. ಊರಿಗೊಬ್ಬ ಪುಢಾರಿ ಹಿಂಗೆ ಓಡಾಡಿಕೊಡೋಕೆ ಅಂತಾನೇ ಇರ್ತಾನೆ, ಅವನು ಮಾಡಿಕೊಡ್ತಾನೆ, ಯಾರಿಗೆ ಮೊದಲು ಮಾಡಿಕೊಡ್ತಾನೆ ಅನ್ನೋದ್ರಲ್ಲಿ ಜಾತಿ, ಪಾರ್ಟಿ, ಓಟು ಎಲ್ಲ ಬರುತ್ತೆ, ಜಾತಿ ನಮ್ಮಲ್ಲಿ ಆಸ್ಪತ್ರೆ ಬಾಗಿಲಿಗೆ ಬರೋಕೆ ಮುಂಚೆ ಇಲ್ಲೇ ಕೂತಿರುತ್ತೆ.

ಬಾಗಿಲ ಒಳಗೂ ಇಲ್ಲ ಅಂತಲ್ಲ. ಬಟ್ಟೆ ನೋಡಿ ಮಾತಾಡೋದು ಎಲ್ಲ ಕಡೆ ಇದ್ದಿದ್ದೇ. ಇಸ್ತ್ರಿ ಶರ್ಟ್ ಹಾಕ್ಕೊಂಡು ಬಂದೋನಿಗೆ ‘ಏನ್ರಿ ಸರ್’, ತಾಂಡಾದಿಂದ ಬಂದ ಲಂಬಾಣಿ ಅಜ್ಜಿಗೆ ‘ಏಯ್, ಆ ಕಡೆ ಕುಂದ್ರು’. ಕೌಂಟರಲ್ಲಿ ಕೂತೋರ ಆ ಒಂದು ಮಾತಿಗೆ ಆ ಅಜ್ಜಿ ಮುಂದಿನ ಸಲ ಬರ್ತಾಳೋ ಇಲ್ವೋ ಅನ್ನೋದು ತೀರ್ಮಾನ ಆಗುತ್ತೆ. ಭಾಷೇನೂ ಅಷ್ಟೇ, ಮನೇಲಿ ಲಂಬಾಣಿ ಇಲ್ಲ ಉರ್ದು ಮಾತಾಡೋ ವಯಸ್ಸಾದ ಹೆಂಗಸರಿಗೆ ಹೊಟ್ಟೆ ಒಳಗಿನ ನೋವನ್ನ ಕನ್ನಡದಲ್ಲಿ ವಿವರಿಸೋಕೆ ಮೊಮ್ಮಗಳು ಬೇಕು, ಎದುರಿಗೆ ಕೂತ ಪಿಜಿ ಡಾಕ್ಟರ್ ಬೇರೆ ರಾಜ್ಯದ ಹುಡುಗ, ಅವನೂ ಕನ್ನಡ ಆಗ ತಾನೇ ಕಲೀತಿರ್ತಾನೆ, ‘ಎಲ್ಲಿ ನೋವು, ಎಷ್ಟು ದಿನ’ ಅನ್ನೋವರೆಗೆ ಬಂದಿರುತ್ತೆ. ಅಜ್ಜಿ, ಮೊಮ್ಮಗಳು, ಡಾಕ್ಟರ್ ಮೂರು ಜನ ಸೇರಿ ಒಂದು ಹೊಟ್ಟೆನೋವನ್ನ ಹುಡುಕ್ತಾರೆ. ಮೊಮ್ಮಗಳ ಎದುರಿಗೆ ಹೇಳೋಕಾಗದ ನೋವು ಹಂಗೇ ಉಳ್ಕೊಳ್ಳುತ್ತೆ.

ವೇಲ್ಸ್‌ನಲ್ಲಿ ಕಲ್ಲಿದ್ದಲು ಗಣಿ ಊರಲ್ಲಿ ಕೆಲಸ ಮಾಡ್ತಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಅನ್ನೋ ಡಾಕ್ಟರ್ 1971ರಲ್ಲೇ ಬರೆದಿದ್ರು, ಒಳ್ಳೇ ವೈದ್ಯಕೀಯ ಸೇವೆ ಎಲ್ಲಿ ಜಾಸ್ತಿ ಬೇಕೋ ಅಲ್ಲೇ ಕಮ್ಮಿ ಸಿಗುತ್ತೆ ಅಂತ. ನಮ್ಮ ಎರಡು ಜಿಲ್ಲೆ ಮ್ಯಾಪ್ ಇಟ್ಕೊಂಡ್ರೆ ಸಾಕು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡು, ನಲವತ್ತಕ್ಕೇ ಮಂಡಿ ಸೊಂಟ ಹಿಡ್ಕೊಳ್ಳುತ್ತೆ, ಮಳೆ ಕಮ್ಮಿ, ಜನ ಕಾಫಿ ತೋಟಕ್ಕೆ, ಬೆಂಗಳೂರಿಗೆ ಗುಳೆ ಹೋಗ್ತಾರೆ, ಮನೇಲಿ ಉಳ್ಕೊಳ್ಳೋದು ವಯಸ್ಸಾದೋರು. ಮೂಳೆ ಡಾಕ್ಟ್ರು ಇರೋದು ದಾವಣಗೆರೆ, ದುರ್ಗದಲ್ಲಿ. ಮೊಳಕಾಲ್ಮೂರಿನೋರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಬಳ್ಳಾರಿನೇ ಹತ್ತಿರ. ಮಂಡಿ ನೋವಿನ ಅಜ್ಜಿ, ಕರ್ಕೊಂಡು ಹೋಗೋ ಮಗ ಗುಳೆ ಹೋಗಿದಾನೆ, ಕಾಯಿಲೆ ತಂದ ಬರನೇ ಜೊತೆಗಾರನ್ನೂ ತಗೊಂಡು ಹೋಗಿರುತ್ತೆ.

ಹಿಂಗಾಗಿ ನಮ್ಮ ಸೀಸನ್ನು ಕಾಯಿಲೆ ಸೀಸನ್ ಅಷ್ಟೇ ಅಲ್ಲ. ಮೆಕ್ಕೆಜೋಳ ಬಿತ್ತೋ ಹೊತ್ತಲ್ಲಿ, ಕೊಯ್ಲಲ್ಲಿ ಓಣಿ ಖಾಲಿ, ಜೋಳ ಮಾರಿ ದುಡ್ಡು ಬಂದ್ಮೇಲೆ ವರ್ಷದಿಂದ ಮುಂದೂಡಿದ ಗರ್ಭಕೋಶ, ಹರ್ನಿಯಾ, ಕಣ್ಣು ಎಲ್ಲ ಒಟ್ಟಿಗೆ ಬರ್ತವೆ. ಅಮಾವಾಸ್ಯೆ ದಿನ ಅಡ್ಮಿಟ್ ಆಗೋಕೆ ಯಾರೂ ಒಪ್ಪಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಆಗುತ್ತಲ್ಲ, ಜಾತ್ರೆ ಮುಗಿದ ಮಾರನೇ ವಾರ ನೋಡ್ಬೇಕು ನೀವು, ನೆಂಟರು ಎಲ್ಲಾ ಮನೇಲಿ ಇರ್ತಾರೆ, ಮಗಳು ಅಳಿಯ ಬಂದಿರ್ತಾರೆ, ಬಾಡೂಟ ಉಂಡು ಹಂಗೇ ಅಮ್ಮಂಗೂ ಒಂದು ಸಲ ತೋರಿಸಿಬಿಡಾಣ ಅಂತ ಬರ್ತಾರೆ. ಕಾಯಿಲೆ ಜಾತ್ರೇಲಿ ಬಂದಿದ್ದಲ್ಲ, ಮೊದಲೇ ಇತ್ತು, ಕರ್ಕೊಂಡು ಬರೋರು ಜಾತ್ರೇಲಿ ಬಂದ್ರು.

ಏನ್ ಮಾಡ್ಬಹುದು ಅಂದ್ರೆ ನಂಗೆ ತೋಚೋದು, ಆಶಾ ಕಾರ್ಯಕರ್ತೆ ಅನ್ನೋಳು 2005ರಿಂದ ಬಸುರೀರಿಗೆ ಮಾಡಿದ್ದೇನು? ಜೊತೆಗೆ ಬಂದ್ಳು. ಆಸ್ಪತ್ರೆ ಗೊತ್ತಿರೋಳು, ಸಿಸ್ಟರ್ ಹತ್ರ ಮಾತಾಡೋಕೆ ಬರೋಳು ಒಬ್ಬಳು ಜೊತೆಗೆ ನಿಂತ್ಳು, ಅದಕ್ಕೇ ಹಳ್ಳಿ ಹೆರಿಗೆಗಳು ಆಸ್ಪತ್ರೆಗೆ ಬಂದ್ವು. ಅದನ್ನೇ ಐವತ್ತರ ಹೆಂಗಸಿಗೆ, ಅರವತ್ತರ ಗಂಡಸಿಗೆ ಯಾರಾದ್ರೂ ಮಾಡ್ಬೇಕು. ಅದೇ ಆಶಾ ಮೇಲೆ ಇನ್ನೊಂದು ಹೊರೆ ಹಾಕೋದಲ್ಲ, ಕೊಡೋ ಪುಡಿಗಾಸಿಗೆ ಅವರು ಈಗಾಗ್ಲೇ ಧರಣಿ ಕೂತು ಸಾಕಾಗಿದಾರೆ. ಸರ್ಕಾರ ಮನೆಗೇ ಬಂದು ಬಿಪಿ ಶುಗರ್ ನೋಡೋ ಗೃಹ ಆರೋಗ್ಯ ಅಂತ 2024ರಲ್ಲಿ ಕೋಲಾರದಿಂದ ಶುರು ಮಾಡಿದೆ, ಒಳ್ಳೇದೇ, ಮೊದಲನೇ ಹೆಜ್ಜೆಗೆ ಜೊತೆಗಾರರು ಬೇಕಾಗಲ್ಲ. ಶುಗರ್ ಜಾಸ್ತಿ ಇದೆ ದೊಡ್ಡಾಸ್ಪತ್ರೆಗೆ ಹೋಗಿ ಅಂದ್ಮೇಲೆ ಎರಡನೇ ಹೆಜ್ಜೆಗೆ ಬೇಕು. ದೊಡ್ಡಾಸ್ಪತ್ರೆ ಬಾಗಿಲಲ್ಲಿ ‘ಒಬ್ಬರೇ ಬಂದಿದೀರಾ, ಬನ್ನಿ’ ಅಂತ ಕರ್ಕೊಂಡು ಹೋಗಿ ರೂಮು, ಲ್ಯಾಬು, ಬಿಲ್ಲು ಎಲ್ಲ ಮುಗಿಸಿ ಬಸ್ಸು ಹತ್ತಿಸೋ ನಾಲ್ಕು ಜನ ಇಟ್ರೆ ಹೊಸ ಬಿಲ್ಡಿಂಗಿಗಿಂತ ಜಾಸ್ತಿ ಉಪಯೋಗ ಆಗುತ್ತೆ ಅಂತ ನನ್ನ ಅಭಿಪ್ರಾಯ. ಬಿಲ್ಡಿಂಗಿಗೆ ಉದ್ಘಾಟನೆ ಇರುತ್ತೆ, ಇದಕ್ಕೆ ಇರಲ್ಲ, ತೊಡಕು ಅಲ್ಲೇ ಇರೋದು.

ನಾನೀಗ ಅಂಗಡೀಲಿ ಒಂದು ಬಿಪಿ ಮಿಷನ್ ಇಟ್ಟಿದೀನಿ, ಅದು ಪೇಷಂಟಿಗಲ್ಲ, ಅವರದ್ದನ್ನ ಒಳಗೆ ನೋಡಿರ್ತಾರೆ. ಜೊತೆಗೆ ಬಂದೋರನ್ನ ಕೂರಿಸಿ ನೋಡ್ತೀನಿ. ಅತ್ತೆನ ವರ್ಷಗಟ್ಟಲೆ ಕರ್ಕೊಂಡು ಬರ್ತಿರೋ ಸೊಸೆಯಂದಿರು ತುಂಬಾ ಜನ ಇದಾರೆ, ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಮಕ್ಕಳನ್ನ ಸ್ಕೂಲಿಗೆ ಕಳಿಸಿ, ದನಕ್ಕೆ ಹಾಕಿ ಬಂದಿರ್ತಾರೆ, ಅತ್ತೆ ಮಾತ್ರೆ ಹೆಸರೆಲ್ಲ ಬಾಯಿಪಾಠ. ‘ಅಕ್ಕಾ, ನಿಂದು ಯಾವಾಗ ನೋಡ್ಸೀಯವ್ವ’ ಅಂದ್ರೆ ‘ನಂದೇನ್ ಬಿಡ್ರಿ, ನಂಗೇನಾಗೈತಿ’ ಅಂತಾರೆ. ಪಟ್ಟಿ ಕಟ್ಟಿ ನೋಡಿದ್ರೆ ಎಷ್ಟೋ ಸಲ ಅತ್ತೆಗಿಂತ ಸೊಸೇದೇ ಜಾಸ್ತಿ. ಪಕ್ಕದ ಕ್ಲಿನಿಕ್ ಮೇಡಂ ಹತ್ರ ಮಾತಾಡಿದೀನಿ, ಇಂಥೋರನ್ನ ಅವತ್ತೇ, ಅತ್ತೆ ರಿಪೋರ್ಟ್ ಬರೋ ಗ್ಯಾಪಲ್ಲಿ ನೋಡ್ತೀನಿ ಕಳಿಸಿ ಅಂದಿದಾರೆ, ಇನ್ನೊಂದಿನ ಬನ್ನಿ ಅಂದ್ರೆ ಅವರು ಬರಲ್ಲ ಅನ್ನೋದು ಮೇಡಂಗೂ ಗೊತ್ತು.

ಅಕ್ಕನ ಮಗಳ ಪ್ರಶ್ನಾವಳೀಲಿ ಈಗ ಎರಡು ಪ್ರಶ್ನೆ ಸೇರಿದಾವೆ, ಹೋದ ಸಲ ನಿಮ್ಮ ಜೊತೆ ಯಾರು ಬಂದಿದ್ರು, ನೀವು ಯಾರನ್ನ ಕರ್ಕೊಂಡು ಹೋಗಿದ್ರಿ. ಅವಳ ಗೈಡ್ ಮೊದಲು ಇದನ್ನ ಕೋಡ್ ಮಾಡೋದು ಹೆಂಗಮ್ಮ ಅಂದ್ರಂತೆ, ಗಂಡ 1, ಮಗ 2, ಸೊಸೆ 3 ಅಂತ ಹಾಕಿದಾಳೆ, ಹಾಲಿನ ಹುಡುಗನ್ನ ‘ಇತರೆ’ಗೆ ಸೇರಿಸ್ತಾಳಂತೆ, ನಂಗೆ ಸಮಾಧಾನ ಇಲ್ಲ. ಮುಂದಿನ ತಿಂಗಳು ಜಗಳೂರು ಕಡೆ ಹಳ್ಳಿಗಳಿಗೆ ಹೋಗ್ತಾಳೆ, ಒಬ್ಬಳೇ ಕಳಿಸಲ್ಲ ಅಂತ ಅಕ್ಕ ಹಠ ಹಿಡಿದಿದಾಳೆ, ಹಂಗಾಗಿ ಭಾನುವಾರಗಳಲ್ಲಿ ಅಂಗಡಿ ಹುಡುಗನಿಗೆ ಬಿಟ್ಟು ನಾನೂ ಹೊರಡಬೇಕಾಗಿದೆ. ಆ ಕಡೆ ಬೆಳಗಿನ ಖಾಸಗಿ ಬಸ್ ಟೈಮಿಂಗ್ ಗೊತ್ತಿರೋರು ಕೆಳಗೆ ಹಾಕಿ.